ನೀರು ಕಾಯಿಸುವ ಕರೆಂಟು

ಚಳಿಗಾಲ ಬಂತು ಅಂದರೆ ಬೆಳಿಗ್ಗೆ ಬಿಸಿನೀರು ಬೇಕು. ಸೌದೆ ಸಿಗುವುದು ಕಷ್ಟ. ಸಿಕ್ಕರೂ ಹಸಿ ಸೌದೆ, ಬರೀ ಹೊಗೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಈಗ ಹಂಡೆಯ ಕೆಳಗೆ ಬೆಂಕಿ ಇಲ್ಲ. ಹಂಡೆಯ ಒಳಗೆ ಕರೆಂಟಿನ ಕಡ್ಡಿ ಇದೆ. ಇದಕ್ಕೆ ಹೀಟರ್ ರಾಡ್ ಅನ್ನುತ್ತಾರೆ.

ರಾಡು ಒಳ್ಳೆಯ ಸಾಮಾನೇ. ತೊಂದರೆ ಇರೋದು ನಾವು ಅದನ್ನು ಜೋಡಿಸುವ ರೀತಿಯಲ್ಲಿ. ಪ್ಲಗ್ಗು ಮುರಿದಿರುತ್ತದೆ. ಹೊಸದು ತರಲು ಪೇಟೆಗೆ ಹೋಗಬೇಕು. ಆಗ ಏನು ಮಾಡುತ್ತೇವೆ? ವೈರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕುತ್ತೇವೆ. ಬೀಳದ ಹಾಗೆ ಬೆಂಕಿಕಡ್ಡಿ ಸಿಕ್ಕಿಸುತ್ತೇವೆ. ಎರಡು ತಂತಿ ಸಿಕ್ಕಿಸಿದರೆ ನೀರು ಕಾಯುತ್ತದೆ. ಮೂರನೆಯದು, ಆ ಹಸಿರು ತಂತಿ, ಸುಮ್ಮನೆ ನೇತಾಡುತ್ತದೆ. ಕೆಲವರು ಅದನ್ನು ಕತ್ತರಿಸಿಯೇ ಬಿಡುತ್ತಾರೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ತಾಯಿ ಕೇಳಿದರು: "ಎರಡು ತಂತೀಲೇ ನೀರು ಕಾಯ್ತದಲ್ಲ, ಮೂರನೇದು ಯಾಕೆ ಮತ್ತೆ? ದಂಡಕ್ಕಾ?" ಸರಿಯಾದ ಪ್ರಶ್ನೆ. ಉತ್ತರ ತಿಳಿಯಲು ರಾಡಿನ ಒಳಗೆ ಏನಿದೆ ಅಂತ ನೋಡಬೇಕು.

ರಾಡಿನ ಹೊರಗೆ ಕಾಣುವುದು ಲೋಹದ ಕೊಳವೆ. ಅದರ ಒಳಗೆ ಸುರುಳಿ ಸುತ್ತಿದ ಸಣ್ಣ ತಂತಿ ಇದೆ. ಕರೆಂಟು ಹರಿಯುವುದು ಈ ಸುರುಳಿಯಲ್ಲಿ. ಸುರುಳಿಗೂ ಕೊಳವೆಗೂ ನಡುವೆ ಬಿಳಿ ಪುಡಿ ತುಂಬಿರುತ್ತಾರೆ. ಈ ಪುಡಿ ಜಾಣ ಪುಡಿ. ಬಿಸಿಯನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದರೆ ಅದಕ್ಕೆ ನೀರು ಆಗದು. ಕೊಳವೆ ಬಿರುಕು ಬಿಟ್ಟರೆ ನೀರು ಒಳಗೆ ಹೋಗುತ್ತದೆ. ಪುಡಿ ಒದ್ದೆಯಾಗುತ್ತದೆ. ಆಮೇಲೆ ಕರೆಂಟು ಕೊಳವೆಗೆ ಬರುತ್ತದೆ. ಅಲ್ಲಿಂದ ನೀರಿಗೆ, ನೀರಿನಿಂದ ಹಂಡೆಗೆ.

ಬಿರುಕು ಯಾಕೆ ಬಿಡುತ್ತದೆ? ನೀರಿಲ್ಲದೆ ಸ್ವಿಚ್ಚು ಹಾಕಿದರೆ ರಾಡು ಕೆಂಪಗೆ ಕಾದು ಹಾಳಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ರಾಡಿನ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ಬಿಸಿ ಹೊರಗೆ ಹೋಗಲಾರದೆ ಕೊಳವೆ ಸುಡುತ್ತದೆ. ಹಳೆಯ ರಾಡು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಈಗ ಹಂಡೆಗೆ ಕರೆಂಟು ಬಂದಿದೆ ಅಂದುಕೊಳ್ಳಿ. ಕರೆಂಟಿಗೆ ಭೂಮಿ ಸೇರುವ ದಾರಿ ಬೇಕು. ನೀವು ಬಚ್ಚಲಿಗೆ ಬಂದಿರಿ. ಬರಿಗಾಲು, ಒದ್ದೆ ನೆಲ, ಒದ್ದೆ ಕೈ. ಹಂಡೆ ಮುಟ್ಟಿದಿರಿ. ನಿಮ್ಮ ಮೈಯೇ ಅದಕ್ಕೆ ದಾರಿ.

ಮೂರನೆಯ ತಂತಿ ಇರುವುದು ಇದಕ್ಕೇ. ಅದರ ಒಂದು ತುದಿ ರಾಡಿನ ಕೊಳವೆಗೆ ಸೇರಿದೆ. ಇನ್ನೊಂದು ತುದಿ ಸಾಕೆಟ್ಟಿನ ಮೂಲಕ ಭೂಮಿಗೆ ಸೇರಬೇಕು. ಸೋರಿದ ಕರೆಂಟು ಅದೇ ದಾರಿ ಹಿಡಿದು ಭೂಮಿಗೆ ಹೋಗುತ್ತದೆ. ಇದಕ್ಕೆ ಅರ್ತಿಂಗ್ ಅನ್ನುತ್ತಾರೆ. ಪ್ಲಗ್ಗಿನಲ್ಲಿ ಒಂದು ಕಡ್ಡಿ ಉದ್ದ, ದಪ್ಪ ಇರುತ್ತದಲ್ಲ, ಅದು ಅರ್ತಿನದು. ಉದ್ದ ಇರುವುದರಿಂದ ಅದು ಮೊದಲು ಒಳಗೆ ಹೋಗುತ್ತದೆ, ಕೊನೆಗೆ ಹೊರಗೆ ಬರುತ್ತದೆ. ಪ್ಲಗ್ಗು ಬಿಚ್ಚಿ ನೋಡಿದರೆ ಅಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಇಂಗ್ಲಿಷ್ ಅಕ್ಷರ ಇರುತ್ತದೆ. ಅದು 'ಇ'. ಹಸಿರು ತಂತಿ ಅಲ್ಲಿಗೆ. ಹೊಸ ವೈರಾದರೆ ಹಸಿರಿನ ಮೇಲೆ ಹಳದಿ ಗೆರೆ ಇರುತ್ತದೆ. ಕರೆಂಟು ತರುವ ತಂತಿ ಕೆಂಪು, ಇಲ್ಲವೇ ಕಂದು. ವಾಪಸು ಒಯ್ಯುವುದು ಕಪ್ಪು, ಇಲ್ಲವೇ ನೀಲಿ. ಬಣ್ಣ ಗುರುತಿಸುವುದೂ ಅಕ್ಷರ ಕಲಿತ ಹಾಗೇ.

ಆದರೆ ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಎಂದಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ಕೆಲವರು ಅದನ್ನು ನ್ಯೂಟ್ರಲ್ ತಂತಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಇದು ಇನ್ನೂ ಕೆಟ್ಟದ್ದು. ಎಲ್ಲೋ ನ್ಯೂಟ್ರಲ್ ತುಂಡಾದರೆ ರಾಡಿನ ಮೈಗೇ ಕರೆಂಟು ಬರುತ್ತದೆ. ಸರಿಯಾದ ಅರ್ತಿಂಗ್ ಅಂದರೆ ಮನೆಯ ಪಕ್ಕ ಗುಂಡಿ ತೋಡಿ, ಕೊಳವೆ ಹೂತು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿರಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಕರೆಂಟು ಸರಾಗವಾಗಿ ಇಳಿಯುವುದಿಲ್ಲ. ಆಗಾಗ ಒಂದು ಕೊಡ ನೀರು ಹುಯ್ಯಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಒಮ್ಮೆ ಪರೀಕ್ಷೆ ಮಾಡಿಸಿ.

"ನಮ್ಮನೇಲಿ ಫ್ಯೂಸ್ ಇದೆ, ಹೆದರಿಕೆ ಇಲ್ಲ" ಎನ್ನುವವರು ಇದ್ದಾರೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಮನೆಗೆ ಬರುವ ಕರೆಂಟು 230 ವೋಲ್ಟ್. 1500 ವ್ಯಾಟ್ ರಾಡಿನಲ್ಲಿ ಸುಮಾರು ಆರೂವರೆ ಆಂಪಿಯರ್ ಕರೆಂಟು ಹರಿಯುತ್ತದೆ. ಹಾಗಾಗಿ ರಾಡಿನ ಸಾಕೆಟ್ಟು ದೊಡ್ಡದು, 16 ಆಂಪಿಯರಿನದು. ಅದರ ಫ್ಯೂಸು ಹೋಗಬೇಕಾದರೆ 16 ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಮನುಷ್ಯನ ಜೀವಕ್ಕೆ ಅಷ್ಟು ಬೇಡ. ಹಳೆಯ 40 ವ್ಯಾಟ್ ಬಲ್ಬಿನಲ್ಲಿ ಹರಿಯುವುದು ಒಂದು ಆಂಪಿಯರಿನ ಆರರಲ್ಲಿ ಒಂದು ಪಾಲು. ಅಷ್ಟು ಕರೆಂಟು ಎದೆಯ ಮೂಲಕ ಹರಿದರೆ ಗುಂಡಿಗೆ ನಿಂತುಬಿಡಬಹುದು. ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಫ್ಯೂಸು ಇರುವುದು ವೈರು ಸುಡದ ಹಾಗೆ, ಮನೆಗೆ ಬೆಂಕಿ ಬೀಳದ ಹಾಗೆ ಕಾಯಲು.

ಜನರನ್ನು ಕಾಯುವ ಪೆಟ್ಟಿಗೆ ಬೇರೆ. ಅದರ ಹೆಸರು ಆರ್.ಸಿ.ಸಿ.ಬಿ. ಹೋದಷ್ಟೇ ಕರೆಂಟು ವಾಪಸು ಬಂತೇ ಎಂದು ಅದು ಲೆಕ್ಕ ಇಡುತ್ತದೆ, ಅಂಗಡಿ ಶೆಟ್ಟರ ಹಾಗೆ. ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಕಡಿಮೆ ಬಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. ಕೊಳ್ಳುವಾಗ 30 ಮಿಲಿ ಆಂಪಿಯರ್ ಎಂದು ಕೇಳಿ. ಐ.ಎಸ್.ಐ. ಗುರುತು ನೋಡಿ. ಅದರ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಪೆಟ್ಟಿಗೆ ಕೆಟ್ಟಿದೆ. ಸ್ವಲ್ಪ ದುಬಾರಿ, ನಿಜ. ಆದರೂ ಹಬ್ಬದ ಬಟ್ಟೆಗಿಂತ ಮೊದಲು ಇದನ್ನು ಹಾಕಿಸಿ ಅಂತಲೇ ನಾನು ಹೇಳುವುದು.

ಕೈಯಾರೆ ಮಾಡಿದ ಹೀಟರುಗಳ ಮಾತು ಬೇರೆ. ಕೆಲವು ಹುಡುಗರು ಎರಡು ಬ್ಲೇಡಿಗೆ ಎರಡು ತಂತಿ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಅಲ್ಲಿ ಸುರುಳಿ ಇಲ್ಲ, ಪುಡಿ ಇಲ್ಲ. ಕರೆಂಟು ನೀರಿನಲ್ಲೇ ಹರಿಯುತ್ತದೆ. ಉಪ್ಪು ಹಾಕಿದರೆ ಬೇಗ ಕಾಯುತ್ತದೆ ಎಂದು ಉಪ್ಪು ಬೇರೆ ಹಾಕುತ್ತಾರೆ. ಒಬ್ಬರ ಕೈ ಎರಡೂ ಬ್ಲೇಡಿಗೆ ತಾಗಿದರೆ ಆರ್.ಸಿ.ಸಿ.ಬಿ. ಕೂಡ ಉಳಿಸಲಾರದು. ಇದನ್ನು ಮಾಡಲೇಬೇಡಿ.

ಚಹಾ ಅಂಗಡಿಗೆ, ಮದುವೆ ಅಡುಗೆಗೆ ತಗಡಿನ ಡ್ರಮ್ಮಿಗೆ ತೂತು ಕೊರೆದು ಕಾಯಿಲ್ ಕೂರಿಸುವವರೂ ಇದ್ದಾರೆ. ತೂತಿನ ರಬ್ಬರು ಬಿಸಿಗೆ ಹಾಳಾಗಿ ನೀರು ಜಿನುಗುತ್ತದೆ. ಜಿನುಗಿದ ನೀರು ಬೀಳುವುದು ವೈರು ಸೇರಿಸಿದ ಜಾಗಕ್ಕೇ. ಅಲ್ಲಿಗೆ ಮುಚ್ಚಿದ ಡಬ್ಬಿ ಬೇಕು. ಡ್ರಮ್ಮಿನ ಮೈಗೂ ಅರ್ತ್ ತಂತಿ ಬೇಕು. ಬಣ್ಣ ಕೆರೆದು, ಬರೀ ಲೋಹ ಕಾಣುವಲ್ಲಿ ಬೋಲ್ಟು ಹಾಕಿ ಬಿಗಿಯಬೇಕು. ಬಣ್ಣದ ಮೇಲೆ ಕಟ್ಟಿದ ತಂತಿ ಕಟ್ಟದಂತೆಯೇ. ಒಂದೇ ಡ್ರಮ್ಮಿಗೆ 1500 ವ್ಯಾಟಿನ ಎರಡು ಕಾಯಿಲ್ ಹಾಕಿದರೆ 13 ಆಂಪಿಯರ್ ಆಯಿತು. ದೀಪದ ಸಣ್ಣ ವೈರು ಅದನ್ನು ತಾಳದು. ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಬೇಕು.

ಯಾರಿಗಾದರೂ ಕರೆಂಟು ಹಿಡಿದರೆ ಓಡಿ ಹೋಗಿ ಅವರನ್ನು ಮುಟ್ಟಬೇಡಿ. ಕರುಳು ಕೇಳುವುದಿಲ್ಲ, ಆದರೂ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ಚು ಆರಿಸಿ. ಅದು ಸಿಗದಿದ್ದರೆ ಒಣ ಬಿದಿರು, ಒಣ ಮರದ ಕೋಲಿನಿಂದ ವೈರನ್ನು ಸರಿಸಿ. 108ಕ್ಕೆ ಫೋನು ಮಾಡಿಸಿ. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ, ನಿಮಿಷಕ್ಕೆ ನೂರು ಸಲಕ್ಕೆ ಕಡಿಮೆಯಾಗದಂತೆ, ಅದುಮುತ್ತಿರಿ. ಎದ್ದು ಕೂತು "ಏನಿಲ್ಲ" ಎಂದರೂ ಆಸ್ಪತ್ರೆಗೆ ತೋರಿಸಿ.

ಇನ್ನು ದಿನದ ರೂಢಿ. ಮೊದಲು ನೀರು, ಆಮೇಲೆ ರಾಡು, ಕೊನೆಗೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಆಮೇಲೆ ಪ್ಲಗ್ಗು, ಕೊನೆಗೆ ರಾಡು. ನಡುವೆ ನೀರು ಕಾದಿದೆಯಾ ಅಂತ ಬೆರಳು ಅದ್ದಿ ನೋಡುವ ಚಟ ನಮಗೆಲ್ಲ ಇದೆ. ಅದರ ಅಗತ್ಯವೇ ಇಲ್ಲ. 20 ಲೀಟರಿನ ಒಂದು ಬಕೆಟ್ ನೀರು ಸ್ನಾನದ ಹದಕ್ಕೆ ಬರಲು 1500 ವ್ಯಾಟ್ ರಾಡಿಗೆ ಸುಮಾರು 25 ನಿಮಿಷ ಸಾಕು. ಗಡಿಯಾರ ನೋಡಿ ಹಾಕಿ, ಗಡಿಯಾರ ನೋಡಿ ಆರಿಸಿ.