ಮದ್ಯದ ಕೌಂಟರಿನಲ್ಲಿ ವಯಸ್ಸಿನ ಪುರಾವೆ: ದೊಡ್ಡವರನ್ನೂ ಏಕೆ ಕೇಳಬೇಕು?

ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ ಎಂಬ ನಿಯಮ ಬಹಳ ಕಾಲದಿಂದ ಜಾರಿಯಲ್ಲಿದ್ದರೂ, ಕೊಳ್ಳಲು ಬಂದವರಿಗೆ 21 ತುಂಬಿದೆಯೇ ಎಂದು ದಾಖಲೆ ನೋಡಿ ಖಚಿತಪಡಿಸಿಕೊಳ್ಳುವ ರೂಢಿ ಮಾತ್ರ ಬೆಂಗಳೂರಿನಂಥ ನಗರಗಳ ಕೆಲವು ಪಬ್ಬುಗಳ ಬಾಗಿಲಿನಿಂದ ಆಚೆಗೆ ಹೆಚ್ಚು ಹರಡಿಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳಂಥ ತಾಲೂಕು ಕೇಂದ್ರಗಳಲ್ಲಿ ವೈನ್ ಶಾಪಿನವರು ಗಿರಾಕಿಯ ಮುಖ ನೋಡಿ ವಯಸ್ಸನ್ನು ಅಂದಾಜು ಮಾಡುವುದೇ ವಾಡಿಕೆಯಾಗಿದ್ದು, ಮೀಸೆ ಬಂದವನನ್ನು ನಿಲ್ಲಿಸಿ ಹುಟ್ಟಿದ ತಾರೀಕು ಕೇಳಿದರೆ ಅದನ್ನು ಅವಮಾನವೆಂದೇ ತಿಳಿಯುವವರು ಹೆಚ್ಚು. ಆದರೆ ಎಳೆಯರ ಕೈಗೆ ಮದ್ಯ ಸೇರದಂತೆ ತಡೆಯಬೇಕೆಂಬುದು ಸಮಾಜದ ನಿಜವಾದ ಇಚ್ಛೆಯಾದರೆ, ವಯಸ್ಸು ಮೀರಿದವರೂ ಪುರಾವೆ ತೋರಿಸುವುದು ಅನಿವಾರ್ಯವಾಗುತ್ತದೆ. ಹಾಗೆ ಕೇಳುವುದು ಏಕೆ ನ್ಯಾಯ, ಯಾವ ಮಿತಿಯೊಳಗೆ ಕೇಳಿದರೆ ನ್ಯಾಯ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆಗೆ ಬೆಳ್ತಂಗಡಿಯ ಸುತ್ತಲಿನ ಪ್ರದೇಶ ಹಲವು ಕಾರಣಗಳಿಂದ ಮುಖ್ಯವಾದುದು. ಮಂಗಳೂರಿನಿಂದ ಬಂಟ್ವಾಳ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಾಟಿ ಏರುವ 73ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಯಾತ್ರಿಕರ ಮತ್ತು ಪ್ರವಾಸಿಗರ ಓಡಾಟ ವರ್ಷವಿಡೀ ಇರುತ್ತದೆ. ಉಜಿರೆ ಮತ್ತು ಮೂಡುಬಿದಿರೆಗಳ ವಿದ್ಯಾಸಂಸ್ಥೆಗಳಿಗೆ ರಾಜ್ಯದ ಎಲ್ಲ ಮೂಲೆಗಳಿಂದ ಬಂದ, 16ರಿಂದ 22ರ ನಡುವಣ ವಯಸ್ಸಿನ ವಿದ್ಯಾರ್ಥಿಗಳು ಮನೆಯಿಂದ ದೂರ, ಹಾಸ್ಟೆಲುಗಳಲ್ಲಿ ಇದ್ದು ಓದುತ್ತಾರೆ. ಬಂಟ್ವಾಳ ತಾಲೂಕಿನ ವಿಟ್ಲದ ಕಡೆಯ ಹಳ್ಳಿಗಳು ಕೇರಳದ ಗಡಿಗೆ ತಾಗಿಕೊಂಡಿವೆ. ಇವೆಲ್ಲದರ ಜೊತೆಗೆ, ಕುಡಿತ ಬಿಡಿಸುವ ಬಹು ದೊಡ್ಡ ಜನಾಂದೋಲನವೊಂದು ಹುಟ್ಟಿ ಬೆಳೆದದ್ದೂ ಇದೇ ಬೆಳ್ತಂಗಡಿ ತಾಲೂಕಿನಲ್ಲಿ.

ಕಾನೂನು ಹೇಳುವುದೇನು?

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಮದ್ಯದ ವಿಷಯ ಸೇರಿರುವುದರಿಂದ, ಅದರ ತಯಾರಿಕೆ, ಮಾರಾಟ, ವಯೋಮಿತಿ ಎಲ್ಲವನ್ನೂ ಆಯಾ ರಾಜ್ಯವೇ ನಿರ್ಧರಿಸುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1965ರ ಅಬಕಾರಿ ಕಾಯ್ದೆ. ಅಬಕಾರಿ ಎಂದರೆ ಮದ್ಯ ಮತ್ತಿತರ ಮಾದಕ ಪದಾರ್ಥಗಳ ಮೇಲಿನ ಸರ್ಕಾರದ ನಿಯಂತ್ರಣ ಮತ್ತು ತೆರಿಗೆಯ ವ್ಯವಸ್ಥೆ. ಈ ಕಾಯ್ದೆಯ 36ನೇ ಪ್ರಕರಣ 18 ವರ್ಷದೊಳಗಿನವರಿಗೆ ಮದ್ಯ ಮಾರುವುದನ್ನು ಅಪರಾಧವೆನ್ನುತ್ತದೆ. ಅದೇ ಕಾಯ್ದೆಯಡಿ ರಚಿತವಾದ 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಾವಳಿ, ಅಂದರೆ ಮದ್ಯ ಮಾರಲು ಪರವಾನಗಿ ಪಡೆದವರು ಪಾಲಿಸಬೇಕಾದ ಕಟ್ಟಳೆಗಳು, 21 ವರ್ಷದೊಳಗಿನವರಿಗೆ ಮಾರಬಾರದು ಎನ್ನುತ್ತದೆ. ಒಂದರಲ್ಲಿ 18, ಇನ್ನೊಂದರಲ್ಲಿ 21 ಎಂಬ ಈ ವ್ಯತ್ಯಾಸವನ್ನು ನಿವಾರಿಸುವ ಹೆಸರಿನಲ್ಲಿ 2023ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮದ 21ನ್ನು 18ಕ್ಕೆ ಇಳಿಸುವ ಕರಡನ್ನು ಪ್ರಕಟಿಸಿ, ಸಾರ್ವಜನಿಕರಿಂದ ತೀವ್ರ ವಿರೋಧ ಬಂದ ಕಾರಣ ಅದೇ ತಿಂಗಳು ಅದನ್ನು ಹಿಂತೆಗೆದುಕೊಂಡಿತು. ಹೀಗಾಗಿ 21ರ ಮಿತಿ ಉಳಿದುಕೊಂಡಿತು.

ಇದರ ಫಲವಾಗಿ 18ರಿಂದ 21ರ ನಡುವಿನ ಯುವಕ ಯುವತಿಯರು ಮತ ಹಾಕಬಲ್ಲ, ವಾಹನ ಓಡಿಸಬಲ್ಲ, ಕರಾರು ಮಾಡಿಕೊಳ್ಳಬಲ್ಲ ಪ್ರಾಪ್ತ ವಯಸ್ಕರಾಗಿದ್ದರೂ ಮದ್ಯದ ಮಟ್ಟಿಗೆ ಅರ್ಹರಲ್ಲ. ಇವರಿಗೆ ಮಾರಿದ ಅಂಗಡಿಯವರು ಸನ್ನದಿನ ಷರತ್ತನ್ನು ಮುರಿದಂತಾಗುತ್ತದೆ. 18 ತುಂಬದವರ ವಿಷಯದಲ್ಲಿ ಕಾನೂನು ಇನ್ನೂ ಕಠಿಣವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಪ್ರಕರಣದಂತೆ, ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇಷ್ಟು ದೊಡ್ಡ ಹೊಣೆಯನ್ನು ಕೌಂಟರಿನಲ್ಲಿ ನಿಂತ, ತಿಂಗಳ ಸಂಬಳಕ್ಕೆ ದುಡಿಯುವ ಕೆಲಸಗಾರನ ಕಣ್ಣಂದಾಜಿಗೆ ಬಿಟ್ಟುಬಿಡುವುದು ಆ ಕೆಲಸಗಾರನಿಗೂ ನ್ಯಾಯವಲ್ಲ, ಮಗುವಿಗೂ ನ್ಯಾಯವಲ್ಲ.

ವಯೋಮಿತಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದು ಈ ಗೊಂದಲವನ್ನು ಹೆಚ್ಚಿಸುತ್ತದೆ. ಗೋವಾದಲ್ಲಿ 18, ತಮಿಳುನಾಡಿನಲ್ಲಿ 21, ಕೇರಳದಲ್ಲಿ 23 ವರ್ಷ ಎಂಬ ಮಿತಿಗಳಿವೆ. ಗುಜರಾತ್ ಮತ್ತು ಬಿಹಾರಗಳಲ್ಲಿ ಪಾನನಿಷೇಧವೇ ಇದೆ. ಆದ್ದರಿಂದ ವಿಟ್ಲದಲ್ಲಿ ಕಾನೂನುಬದ್ಧವಾಗಿ ಮದ್ಯ ಕೊಳ್ಳಬಲ್ಲ 22ರ ಯುವಕ, ಗಡಿ ದಾಟಿ ಕೇರಳದ ಪೆರ್ಲಕ್ಕೆ ಹೋದರೆ ಅಲ್ಲಿ ಅನರ್ಹನಾಗುತ್ತಾನೆ.

ಕಣ್ಣಂದಾಜು ಏಕೆ ಸಾಲದು?

ದೊಡ್ಡವರನ್ನು ಪುರಾವೆ ಕೇಳಬೇಕಾದ ಮುಖ್ಯ ಕಾರಣ, ಮನುಷ್ಯನ ಕಣ್ಣು ವಯಸ್ಸನ್ನು ನಿಖರವಾಗಿ ಅಳೆಯಲಾರದು ಎಂಬುದು. ಕೆಂಪುಕಲ್ಲಿನ ಕೋರೆಯಲ್ಲೋ ಅಡಿಕೆ ತೋಟದಲ್ಲೋ ಬಿಸಿಲಿಗೆ ಮೈಯೊಡ್ಡಿ ದುಡಿಯುವ 17ರ ಹುಡುಗ 24ರವನಂತೆ ಕಾಣಬಹುದು. ಸಣ್ಣ ಮೈಕಟ್ಟಿನ 26ರ ಯುವತಿ 18ರವಳಂತೆ ಕಾಣಬಹುದು. ಅಂಗಡಿಯವರು ಚಿಕ್ಕವರಂತೆ ಕಂಡವರನ್ನು ಮಾತ್ರ ಕೇಳುತ್ತಾ ಹೋದರೆ ಎರಡನೆಯವಳಿಗೆ ತೊಂದರೆಯಾಗುತ್ತದೆ, ಮೊದಲನೆಯವನು ತಪ್ಪಿಸಿಕೊಳ್ಳುತ್ತಾನೆ. ಕಾನೂನು ಕಾಪಾಡಬೇಕೆಂದು ಹೊರಟಿರುವುದು ಆ ಮೊದಲನೆಯವನನ್ನೇ.

ಈ ಕಾರಣಕ್ಕಾಗಿಯೇ ಕೆಲವು ದೇಶಗಳಲ್ಲಿ ಕಾನೂನಿನ ವಯಸ್ಸಿಗಿಂತ ಹಲವು ವರ್ಷ ಮೇಲೆ ಇನ್ನೊಂದು ಗೆರೆ ಎಳೆಯುವ ಕ್ರಮ ಬಂದಿದೆ. ಬ್ರಿಟನ್ನಿನಲ್ಲಿ ಮದ್ಯ ಕೊಳ್ಳಲು 18 ಸಾಕಾದರೂ, 25ಕ್ಕಿಂತ ಕಡಿಮೆ ವಯಸ್ಸಿನವರಂತೆ ಕಾಣುವ ಎಲ್ಲರಿಂದಲೂ ಪುರಾವೆ ಕೇಳುವ ‘ಚಾಲೆಂಜ್ 25’ ಎಂಬ ಪದ್ಧತಿಯನ್ನು ಅಂಗಡಿಗಳು ಪಾಲಿಸುತ್ತವೆ. ಸ್ಕಾಟ್ಲೆಂಡ್ 2011ರಲ್ಲಿ ಇಂಥ ಪರಿಶೀಲನೆಯನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಿತು. ಅಂದಾಜಿನಲ್ಲಿ ಐದಾರು ವರ್ಷ ತಪ್ಪಿದರೂ 18ರ ಕೆಳಗಿನವರು ಜಾರಿಹೋಗಬಾರದು ಎಂಬುದು ಇದರ ತರ್ಕ. ಈ ತರ್ಕವನ್ನು ಕರ್ನಾಟಕಕ್ಕೆ ಅನ್ವಯಿಸಿದರೆ, 30ರ ಒಳಗಿನವರಂತೆ ಕಾಣುವ ಪ್ರತಿಯೊಬ್ಬರೂ ಪುರಾವೆ ತೋರಿಸಬೇಕಾಗುತ್ತದೆ. ಗೆರೆ ಎಲ್ಲರಿಗೂ ಒಂದೇ ಆಗಿ, ಬೋರ್ಡಿನಲ್ಲಿ ಬರೆದದ್ದಾಗಿದ್ದರೆ, ಕೇಳಿಸಿಕೊಂಡವರಿಗೆ ತಮ್ಮೊಬ್ಬರ ಮೇಲೆ ಅನುಮಾನಪಟ್ಟರೆಂದು ನೋಯುವ ಕಾರಣವೂ ಉಳಿಯದು.

ಪರಿಶೀಲನೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ನಡೆದ ಅಪಘಾತ ದೇಶಕ್ಕೆಲ್ಲ ತೋರಿಸಿತು. ಬಾರುಗಳಲ್ಲಿ ಮದ್ಯ ಸೇವಿಸಿದ್ದನೆಂಬ ಆರೋಪ ಹೊತ್ತ 17 ವರ್ಷದ ಬಾಲಕ ಓಡಿಸುತ್ತಿದ್ದ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಪ್ರಾಣ ಕಳೆದುಕೊಂಡರು. ಮದ್ಯ ಪೂರೈಸಿದ ಬಾರುಗಳಿಗೆ ಸಂಬಂಧಪಟ್ಟವರನ್ನೂ ಪೊಲೀಸರು ಬಂಧಿಸಿದರು. ಬಿಯರಿಗೆ 21, ಇತರ ಮದ್ಯಕ್ಕೆ 25 ಎಂಬ ಮಿತಿಗಳಿರುವ ಮಹಾರಾಷ್ಟ್ರದಲ್ಲಿ ಇದು ನಡೆಯಿತೆಂಬುದನ್ನು ಗಮನಿಸಬೇಕು. ಕಾಗದದ ಮೇಲೆ ವಯಸ್ಸನ್ನು ಎಷ್ಟು ಏರಿಸಿದರೂ ಕೌಂಟರಿನಲ್ಲಿ ಕೇಳುವವರಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಯಾವ ದಾಖಲೆ, ಎಷ್ಟು ಮಾಹಿತಿ?

ವಯಸ್ಸಿನ ಪುರಾವೆ ಎಂದೊಡನೆ ಎಲ್ಲರ ಕೈ ಮೊದಲು ಹೋಗುವುದು ಆಧಾರ್ ಕಾರ್ಡಿಗೆ. ಆದರೆ ಆಧಾರ್ ಇರುವುದು ವ್ಯಕ್ತಿ ಯಾರೆಂದು ಗುರುತಿಸುವುದಕ್ಕೆ. ಹುಟ್ಟಿದ ದಿನಾಂಕಕ್ಕೆ ಅದೇ ಅಂತಿಮ ಪುರಾವೆಯಲ್ಲ ಎಂದು ಆಧಾರ್ ಪ್ರಾಧಿಕಾರವೇ ಸ್ಪಷ್ಟಪಡಿಸಿದೆ. 2024ರ ಅಕ್ಟೋಬರಿನಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿನ ನಿರ್ಧಾರಕ್ಕೆ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವನ್ನು ನೆಚ್ಚುವುದೇ ಸರಿ ಎಂಬ ನಿಲುವು ತಳೆಯಿತು. ಕೆಲವು ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಅಚ್ಚಾಗಿರುವುದೂ ಉಂಟು. 2005 ಎಂದಷ್ಟೇ ಇದ್ದರೆ, 2026ರಲ್ಲಿ ಆ ವ್ಯಕ್ತಿಗೆ 21 ತುಂಬಿದೆಯೋ ಇಲ್ಲವೋ ಎಂಬುದು ಆ ಕಾರ್ಡಿನಿಂದ ತಿಳಿಯುವುದಿಲ್ಲ. ದಿನಾಂಕ, ಭಾವಚಿತ್ರ ಎರಡೂ ಇರುವ ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್, ಪಾಸ್‌ಪೋರ್ಟುಗಳು ಕೌಂಟರಿನ ಕೆಲಸಕ್ಕೆ ಅನುಕೂಲಕರ. ದಾಖಲೆ ಜೇಬಿನಲ್ಲಿಲ್ಲದವರು ಸರ್ಕಾರದ ಡಿಜಿಲಾಕರ್ ಆ್ಯಪ್ ಮೂಲಕ ಮೊಬೈಲಿನಲ್ಲೇ ಲೈಸೆನ್ಸನ್ನು ತೋರಿಸಬಹುದು.

ಹಿಂದಿನ ತಲೆಮಾರಿನವರಲ್ಲಿ ಅನೇಕರ ಹುಟ್ಟಿದ ದಿನಾಂಕ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು, ಆದ್ದರಿಂದ ಅದು ನಿಜವಾದ ದಿನವಲ್ಲ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಈ ದೋಷ 21ರ ಆಸುಪಾಸಿನ ಇಂದಿನವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಏಕೆಂದರೆ ಅವರಲ್ಲಿ ಬಹುಪಾಲು ಮಂದಿಯ ಜನನ ಆಸ್ಪತ್ರೆಯಲ್ಲಿ ಆಗಿ, ನೋಂದಣಿಯೂ ಆಗಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗಂತೂ, ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯ್ದೆಯಂತೆ, ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕಕ್ಕೆ ಮುಖ್ಯ ಆಧಾರ.

ಪುರಾವೆ ಕೇಳುವ ಹಕ್ಕಿಗೆ ಮಿತಿಯೂ ಇರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಮದ್ಯದಂಗಡಿಗೆ ಬೇಕಾಗಿರುವುದು ಗಿರಾಕಿಗೆ 21 ತುಂಬಿದೆ ಎಂಬ ಒಂದೇ ಸಂಗತಿ; ಹೆಸರು, ವಿಳಾಸ, ಆಧಾರ್ ಸಂಖ್ಯೆ ಯಾವುದೂ ಅದಕ್ಕೆ ಅಗತ್ಯವಿಲ್ಲ. ಆದ್ದರಿಂದ ಕಾರ್ಡನ್ನು ಕಣ್ಣಿನಿಂದ ನೋಡಿ ಹಿಂದಿರುಗಿಸುವುದಷ್ಟೇ ಸರಿಯಾದ ಕ್ರಮ. ಅದರ ಝೆರಾಕ್ಸ್ ಇಟ್ಟುಕೊಳ್ಳುವುದು, ಫೋಟೋ ತೆಗೆಯುವುದು, ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವುದು ಸಲ್ಲದು. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಊರಿನಲ್ಲಿ ಯಾರು ಎಷ್ಟು ಕೊಂಡರೆಂಬ ಪಟ್ಟಿ ಸೋರಿದರೆ, ವಿಶೇಷವಾಗಿ ಹೆಂಗಸರ ಹೆಸರು ಅದರಲ್ಲಿದ್ದರೆ, ಆಗುವ ನೋವು ಸಣ್ಣದಲ್ಲ.

ಗಡಂಗು, ಹರಕೆ, ಮಕ್ಕಳ ಕೈ

ತುಳುನಾಡಿನಲ್ಲಿ ಮದ್ಯವನ್ನು ಕೊಳ್ಳುವವರೆಲ್ಲ ಕುಡಿಯುವುದಕ್ಕಾಗಿಯೇ ಕೊಳ್ಳುವುದಿಲ್ಲ. ಕಳೆದುಹೋದ ವಸ್ತು ಸಿಕ್ಕಿದರೆ, ಹಟ್ಟಿಯ ದನ ಮರಳಿ ಬಂದರೆ ಕೊರಗಜ್ಜನೆಂಬ ದೈವಕ್ಕೆ ಎಲೆಯಡಿಕೆ, ಚಕ್ಕುಲಿಗಳ ಜೊತೆ ಕಳ್ಳನ್ನೋ ಮದ್ಯವನ್ನೋ ಒಪ್ಪಿಸುವ ಹರಕೆ ಇಲ್ಲಿ ವ್ಯಾಪಕವಾಗಿದೆ. ಹರಕೆಯ ಬಾಟಲಿಗೆ ವಯಸ್ಸೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ನಿಯಮ ನೋಡುವುದು ಕೊಳ್ಳುವವರ ವಯಸ್ಸನ್ನೇ ಹೊರತು ಉದ್ದೇಶವನ್ನಲ್ಲ; ಉದ್ದೇಶ ಕೇಳುವ ಅಧಿಕಾರ ಅಂಗಡಿಯವರಿಗೆ ಇಲ್ಲದಿರುವುದೇ ಭಕ್ತರಿಗೂ ಗೌರವದ ಮಾತು. ಮನೆಯ ಹಿರಿಯರೇ ಹೋಗಿ ತಂದರೆ ಅಲ್ಲಿಗೆ ಪ್ರಶ್ನೆ ಮುಗಿಯುತ್ತದೆ.

ಇದಕ್ಕಿಂತ ಗಂಭೀರವಾದುದು ಮಕ್ಕಳ ಕೈಯಲ್ಲಿ ಮದ್ಯ ತರಿಸುವ ಅಭ್ಯಾಸ. ರಾಜ್ಯದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಷೇಧವಾದರೂ, ಕರಾವಳಿಯಲ್ಲಿ ಮೂರ್ತೆದಾರರು, ಅಂದರೆ ತಾಳೆ ಮತ್ತು ತೆಂಗಿನ ಮರಗಳಿಂದ ಕಳ್ಳು ಇಳಿಸುವ ಕಸುಬಿನವರು, ತಮ್ಮ ಸಹಕಾರ ಸಂಘಗಳ ಮೂಲಕ ಶೇಂದಿ ಮಾರುವ ವ್ಯವಸ್ಥೆ ಮುಂದುವರಿದಿದೆ. ಗಡಂಗಿಗೆ, ಅಂದರೆ ಶೇಂದಿ ಅಂಗಡಿಗೆ, ಮಗನ ಕೈಗೆ ಕ್ಯಾನು ಕೊಟ್ಟು ಕಳುಹಿಸುವುದನ್ನು ಹಿಂದೆ ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ. ಇಂದು ಬಾಲನ್ಯಾಯ ಕಾಯ್ದೆಯ 78ನೇ ಪ್ರಕರಣ ಮದ್ಯದ ಮಾರಾಟಕ್ಕೆ, ಸಾಗಣೆಗೆ ಮಕ್ಕಳನ್ನು ಬಳಸುವುದನ್ನು 77ನೇ ಪ್ರಕರಣದಷ್ಟೇ ಶಿಕ್ಷೆಗೆ ಅರ್ಹವಾದ ಅಪರಾಧವೆನ್ನುತ್ತದೆ. ಅಪ್ಪನಿಗೆ ಬೇಕಂತೆ ಎಂಬ ಮಾತನ್ನು ನಂಬಿ ಕೊಡುವ ಅಂಗಡಿ, ಮುಂದೊಂದು ದಿನ ಆ ಮಗು ತನಗಾಗಿ ಕೇಳಿದಾಗ ವ್ಯತ್ಯಾಸ ಹೇಳಲಾರದು.

ಹೊಣೆ ಯಾರದು?

ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯ ಅಂಗವಾಗಿ ಬೆಳೆದ ಜನಜಾಗೃತಿ ವೇದಿಕೆ, ರಾಜ್ಯದ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾ ಬಂದಿದೆ. ಕುಡಿತಕ್ಕೆ ಅಂಟಿಕೊಂಡವರನ್ನು ಕೆಲವು ದಿನ ಒಂದೆಡೆ ಇರಿಸಿ, ವೈದ್ಯರ ನೆರವು, ಸಲಹೆ, ಭಜನೆ, ಕುಟುಂಬದವರ ಬೆಂಬಲಗಳಿಂದ ಅದನ್ನು ಬಿಡಿಸುವುದು ಈ ಶಿಬಿರಗಳ ಕ್ರಮ. ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳಲ್ಲಿ ಒಟ್ಟುಗೂಡುತ್ತಾರೆ. ಈ ಶ್ರಮವೆಲ್ಲ ಚಟ ಅಂಟಿದ ಮೇಲಿನದು. ಮೆದುಳಿನಲ್ಲಿ ವಿವೇಚನೆ ಮತ್ತು ಸಂಯಮಗಳನ್ನು ನಿಭಾಯಿಸುವ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ, ಕುಡಿತ ಎಷ್ಟು ಬೇಗ ಆರಂಭವಾದರೆ ಚಟವಾಗುವ ಅಪಾಯ ಅಷ್ಟು ಹೆಚ್ಚು ಎಂದು ವೈದ್ಯವಿಜ್ಞಾನ ಹೇಳುತ್ತದೆ. ಹಾಗಿರುವಾಗ ಮೊದಲ ಬಾಟಲಿಯನ್ನು ಕೆಲವು ವರ್ಷ ಮುಂದೂಡುವ ಪರಿಶೀಲನೆ, ಶಿಬಿರದ ಕೆಲಸವನ್ನು ಮೂಲದಲ್ಲೇ ಹಗುರಗೊಳಿಸುತ್ತದೆ.

ತಂಬಾಕಿನ ವಿಷಯದಲ್ಲಿ ಈ ಹೊಣೆ ಈಗಾಗಲೇ ಸ್ಪಷ್ಟವಾಗಿದೆ. ಕೊಳ್ಳುವವರು ಎಳೆಯರಲ್ಲ ಎಂದು ತೋರಿಸುವ ಭಾರ ಮಾರುವವರದೇ ಎಂದು ಕೇಂದ್ರದ ನಿಯಮಗಳು ಹೇಳುತ್ತವೆ. ಕರ್ನಾಟಕವು ಕೇಂದ್ರದ ತಂಬಾಕು ಕಾಯ್ದೆಗೆ ತಂದ ತನ್ನ ತಿದ್ದುಪಡಿಯ ಮೂಲಕ 2025ರಲ್ಲಿ ತಂಬಾಕಿನ ವಯೋಮಿತಿಯನ್ನೂ 18ರಿಂದ 21ಕ್ಕೆ ಏರಿಸಿತು. ಮದ್ಯದ ವಿಷಯದಲ್ಲೂ ಇದೇ ಸ್ಪಷ್ಟತೆ ಬರಬೇಕು. ಇಂತಿಂಥ ದಾಖಲೆ ಸಾಕು, ನಕಲು ಇಟ್ಟುಕೊಳ್ಳಬಾರದು, ಸಂದೇಹ ಬಂದು ನಿರಾಕರಿಸಿದ ನೌಕರನಿಗೆ ಮಾಲೀಕನ ಮತ್ತು ಪೊಲೀಸರ ರಕ್ಷಣೆ ಇದೆ ಎಂದು ಅಬಕಾರಿ ಇಲಾಖೆ ಲಿಖಿತ ಆದೇಶ ಹೊರಡಿಸಬೇಕು. ಪ್ರತಿದಿನ ಬೆಳಗ್ಗೆ, ಯಾವ ದಿನಾಂಕದಂದು ಅಥವಾ ಅದಕ್ಕೆ ಮೊದಲು ಹುಟ್ಟಿದವರಿಗೆ ಇಂದು ಮಾರಬಹುದು ಎಂಬುದನ್ನು ಕೌಂಟರಿನ ಮೇಲೆ ಬರೆದಿಟ್ಟರೆ, ಲೆಕ್ಕ ಹಾಕುವ ತೊಡಕೂ ತಪ್ಪುತ್ತದೆ.

ಇದನ್ನು ಜಾರಿಗೆ ತರಲು ಸರ್ಕಾರ ಖಾಸಗಿಯವರ ಒಪ್ಪಿಗೆಗೆ ಕಾಯಬೇಕಾಗಿಲ್ಲ. ರಾಜ್ಯ ಸರ್ಕಾರದ್ದೇ ಆದ ಎಂಎಸ್‌ಐಎಲ್ ಸಂಸ್ಥೆಯ ಮದ್ಯದ ಮಳಿಗೆಗಳು ರಾಜ್ಯದ ತಾಲೂಕುಗಳಲ್ಲಿ ನಡೆಯುತ್ತಿವೆ. ಮದ್ಯದಿಂದ ಬರುವ ಆದಾಯವನ್ನು ಪಡೆಯುವ ಸರ್ಕಾರ, ಮೊದಲು ತನ್ನ ಸ್ವಂತ ಕೌಂಟರುಗಳಲ್ಲಿ ವಯಸ್ಸು ಕೇಳುವುದನ್ನು ಕಡ್ಡಾಯ ಮಾಡಿದರೆ, ಪಕ್ಕದ ವೈನ್ ಶಾಪಿಗೆ ಕೇಳದಿರುವ ನೆಪ ಉಳಿಯದು. ಪ್ರಾಪ್ತ ವಯಸ್ಕರಿಗೆ ಇದರಿಂದ ಆಗುವ ತೊಂದರೆ, ಜೇಬಿನಿಂದ ಒಂದು ಕಾರ್ಡು ತೆಗೆದು ತೋರಿಸುವಷ್ಟು ಮಾತ್ರ. ಊರಿನ ಮಕ್ಕಳ ಸಲುವಾಗಿ ಅಷ್ಟನ್ನು ಸಹಿಸುವುದು ಹಿರಿಯರೆನಿಸಿಕೊಂಡವರ ಕರ್ತವ್ಯ.