ಮನೆಯ ಅನ್ನಕ್ಕೆ ಅರ್ಧ ಎಕರೆ

2020ರ ಮಾರ್ಚ್ ಕೊನೆಯ ವಾರ ಬೆಳೆಗಾರ ಬಂಧುಗಳಿಗೆ ನೆನಪಿರಬಹುದು. ಸುಲಿದ ಅಡಿಕೆ ಅಟ್ಟದ ಮೇಲೆ, ಮಂಡಿಗೆ ಬೀಗ, ಪೇಟೆಗೆ ಬಸ್ಸಿಲ್ಲ. ಊರಿಗೆ ಬಂದ ಮಕ್ಕಳೂ ಸೇರಿ ಮನೆಯಲ್ಲಿ ಏಳು ಜನ. ಆ ದಿನಗಳಲ್ಲಿ ನಮ್ಮ ಒಲೆಯ ಮೇಲೆ ಬೆಂದದ್ದು ಸ್ವಂತ ಗದ್ದೆಯ ಕುಚ್ಚಲಕ್ಕಿ, ಹಿತ್ತಿಲಿನ ಗುಜ್ಜೆ, ಬಾಳೆಕಾಯಿ, ಬಸಳೆ. ಅಡಿಕೆ ಅಗಿಯಲಿಕ್ಕೆ, ಉಣ್ಣಲಿಕ್ಕಲ್ಲ ಎಂಬುದು ಗೊತ್ತಿದ್ದ ಮಾತೇ. ಮನಸ್ಸಿಗೆ ತಟ್ಟಿದ್ದು ಆಗ.

ನಮ್ಮಲ್ಲಿ ಹಿಂದೆ ಎರಡೂವರೆ ಎಕರೆ ಗದ್ದೆ ಇತ್ತು. ದಕ್ಷಿಣ ಕನ್ನಡದವರಿಗೆ ಬೆಟ್ಟು, ಮಜಲು, ಬೈಲು ಎಂಬ ಭೇದ ವಿವರಿಸಬೇಕಾಗಿಲ್ಲ. ಬೆಟ್ಟಿನಲ್ಲಿ ಮಳೆಯ ಒಂದೇ ಬೆಳೆ. ನೀರಿದ್ದ ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಮೂರೂ. ಬೆಟ್ಟು, ಮಜಲುಗಳಿಗೆ ಅಡಿಕೆ ಇಟ್ಟೆ. ಅದಕ್ಕೆ ಪಶ್ಚಾತ್ತಾಪವಿಲ್ಲ, ಮಕ್ಕಳ ಓದು ನಡೆದದ್ದು ಅದರಿಂದಲೇ. ಬೈಲಿಗೆ ಕೈಹಾಕಿದ್ದು ತಪ್ಪಾಯಿತು. ಬಸಿಗಾಲುವೆ ಆಳವಾಗಿ ತೋಡಿಸದೆ ಸಸಿ ನೆಟ್ಟೆ. 2018ರ ಮಳೆಗೆ ಬುಡದಲ್ಲಿ ನೀರು ನಿಂತು ಅರ್ಧಕ್ಕಿಂತ ಹೆಚ್ಚು ಸಸಿ ಹಳದಿಯಾಗಿ ಸತ್ತವು. ಭತ್ತಕ್ಕೆ ನಿಂತ ನೀರು ಬೇಕು, ಅಡಿಕೆಯ ಬೇರಿಗೆ ಅದೇ ವಿಷ.

ಉಳಿದದ್ದು ಅರ್ಧ ಎಕರೆ. ಏಣಿಲಿಗೆ ಸುಮಾರು ಆರು ಕ್ವಿಂಟಲ್ ಭತ್ತ, ಮಿಲ್ಲು ಮಾಡಿಸಿದರೆ ಮೂರೂವರೆ ಕ್ವಿಂಟಲ್ ಮೀರಿ ಅಕ್ಕಿ. ನಾಲ್ವರಿಗೆ ಎಂಟೊಂಬತ್ತು ತಿಂಗಳ ಊಟ. ಸುಳ್ಳೇಕೆ, ಕೂಲಿ ಲೆಕ್ಕ ಹಾಕಿದರೆ ಅಂಗಡಿಯ ಅಕ್ಕಿಯೇ ಅಗ್ಗ. ನವಿಲು, ಹಂದಿಗಳ ಪಾಲು ಬೇರೆ. ಆದರೆ ಆ ಲೆಕ್ಕದಲ್ಲಿ ಬೈಹುಲ್ಲು ಬರುವುದಿಲ್ಲ. ಹುಲ್ಲಿದ್ದರೆ ಎರಡು ದನ, ದನವಿದ್ದರೆ ಹಾಲು, ಗೊಬ್ಬರ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕೊಟ್ಟಿಗೆ ಗೊಬ್ಬರ ಎಂದು ಶಿಫಾರಸು. ಐನೂರು ಮರಕ್ಕೆ ಗೊಬ್ಬರವೇ ಆರು ಟನ್! ಅಷ್ಟನ್ನೂ ಕ್ರಯಕ್ಕೆ ತರಿಸಿದವರನ್ನು ಕೇಳಿ ನೋಡಿ. ಗದ್ದೆಯಲ್ಲಿ ನೀರು ನಿಂತಷ್ಟು ಕಾಲ ಕೆಳಗಿನ ಬಾವಿಯೂ ತುಂಬಿರುತ್ತದೆ. ಘಟ್ಟದ ಮೇಲೆ ಕಾಫಿ ತೋಟಗಳ ನಡುವಿನ ಗದ್ದೆಗಳನ್ನು ಹಡಿಲು ಬಿಟ್ಟವರೂ ಇದನ್ನು ಗಮನಿಸಬೇಕು.

ನಾವೇನೂ ಅಪರೂಪದ ಸಣ್ಣವರಲ್ಲ. 2015-16ರ ಕೃಷಿ ಗಣತಿಯಂತೆ ದೇಶದ ನೂರು ಹಿಡುವಳಿಗಳಲ್ಲಿ 86 ಎರಡು ಹೆಕ್ಟೇರಿಗಿಂತ ಕಡಿಮೆಯವು.

ಗದ್ದೆಯೇ ಇಲ್ಲದವರು ಅಡಿಕೆಯ ಸಾಲುಗಳ ನಡುವೆ ಬಾಳೆ, ಸುವರ್ಣಗೆಡ್ಡೆ, ಕೆಸು ಇಡಬಹುದು. ಹಲಸಿನ ಮರ ಮಾತ್ರ ಕಡಿಯಬೇಡಿ. ಉಪ್ಪುಸೊಳೆ, ಹಪ್ಪಳ ಆಷಾಢದ ಊಟಕ್ಕೆ ಒದಗುತ್ತವೆ. ಬೋರ್ಡೊ ಸಿಂಪಡಿಸುವ ದಿನ ಕೆಳಗಿನ ಸೊಪ್ಪು ತರಕಾರಿ ಮೊದಲೇ ಕೊಯ್ದಿಟ್ಟುಕೊಳ್ಳಿ.

ಈಗ ಮಗ ಉಳಿದ ಗದ್ದೆಗೂ ಮಣ್ಣು ತುಂಬಿಸೋಣ ಎನ್ನುತ್ತಾನೆ. ಒಂಬತ್ತು ಅಡಿ ಅಂತರದಲ್ಲಿ ಇನ್ನೂರೈವತ್ತು ಸಸಿ ಹಿಡಿಯುತ್ತದಂತೆ. ಲೆಕ್ಕ ಸರಿಯೇ. ಆದರೆ ಫಸಲು ಬರುವ ಆರೇಳು ವರ್ಷ ದನಕ್ಕೆ ಹುಲ್ಲು ಎಲ್ಲಿಂದ ಎಂದು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಸದ್ಯಕ್ಕೆ ಎಂ.ಓ. 4ರ ಬೀಜ ಒಣಗಿಸಿ ಮುಡಿ ಕಟ್ಟಿದ್ದಾಗಿದೆ. ನೇಜಿ ನೆಡಲು ಆಳು ಸಿಕ್ಕರೆ ಸರಿ, ಇಲ್ಲವಾದರೆ ಮೊಳಕೆ ಬರಿಸಿ ಎರಚುವುದೇ.