ಮನೆಯ ಕಂಪ್ಯೂಟರಿನಲ್ಲಿ ಕಾಂಕಾರ್ಡ್

ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್ ಹಾರಾಟ ನಿಲ್ಲಿಸಿ ಎರಡು ದಶಕ ದಾಟಿದೆ. 2003ರ ಅಕ್ಟೋಬರ್ 24ರಂದು ಅದು ಕೊನೆಯ ಬಾರಿ ಟಿಕೆಟ್ ಪಡೆದ ಪ್ರಯಾಣಿಕರನ್ನು ಹೊತ್ತಿತು. ನವೆಂಬರ್ 26ರಂದು ಒಂದು ವಿಮಾನ ಇಂಗ್ಲೆಂಡಿನ ಫಿಲ್ಟನ್‌ನಲ್ಲಿ ಇಳಿದ ಮೇಲೆ ಮತ್ತೆ ಯಾವ ಕಾಂಕಾರ್ಡೂ ನೆಲ ಬಿಟ್ಟಿಲ್ಲ. ತಯಾರಾದದ್ದೇ ಒಟ್ಟು 20. ಒಂದು ಕಾಲಕ್ಕೆ ನಮ್ಮ ಏರ್ ಇಂಡಿಯಾ ಕೂಡ ಎರಡು ವಿಮಾನಗಳನ್ನು ಕಾಯ್ದಿರಿಸಿತ್ತು, ಆದರೆ ಕೊಳ್ಳಲಿಲ್ಲ. ಇವತ್ತು ಈ ವಿಮಾನವನ್ನು ನೋಡಬೇಕೆಂದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹಾರಿಸಬೇಕೆಂದರೆ ಸಿಮ್ಯುಲೇಟರ್ ಒಂದೇ ದಾರಿ.

ಅದಕ್ಕೆ ಅನುಕೂಲ ಬೇಕಾದಷ್ಟಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಫ್ಲೈಟ್‌ಗಿಯರ್, ಈ ಮೂರರಲ್ಲೂ ಕಾಂಕಾರ್ಡ್ ಮಾದರಿಗಳು ಸಿಗುತ್ತವೆ. ಒಂದು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್ ಇದ್ದರೆ ಲಂಡನ್ನಿನ ಹೀಥ್ರೂ ರನ್‌ವೇಯಿಂದ ಗಂಟೆಗೆ ಸುಮಾರು 400 ಕಿ.ಮೀ. ವೇಗದಲ್ಲಿ ಮೇಲೇಳಬಹುದು. ಏಳುವುದು ಅಂಥ ಕಷ್ಟವಲ್ಲ. ಹೊಸಬರ ಪರೀಕ್ಷೆ ಶುರುವಾಗುವುದು ಆಮೇಲೆ, ಆಟೋಪೈಲಟ್ ಗುಂಡಿ ಒತ್ತಿ, ಇನ್ನು ತಮಗೆ ಕೆಲಸವಿಲ್ಲ ಎಂದು ಕೈ ಬಿಟ್ಟಾಗ. ಸ್ವಲ್ಪ ಹೊತ್ತಿನಲ್ಲೇ ವಿಮಾನ ಸಾವಿರಾರು ಅಡಿ ಮೇಲಕ್ಕೆ ನೆಗೆಯುತ್ತದೆ, ಅಷ್ಟೇ ಕೆಳಕ್ಕೆ ಕುಸಿಯುತ್ತದೆ, ಮತ್ತೆ ನೆಗೆಯುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಹಲವರು ಅಲ್ಲಿಗೇ ಕೈಬಿಡುತ್ತಾರೆ. ಕೆಟ್ಟಿರುವುದು ಸಾಮಾನ್ಯವಾಗಿ ಸಾಫ್ಟ್‌ವೇರ್ ಅಲ್ಲ. ಆಟೋಪೈಲಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ತಿಳಿವಳಿಕೆಯ ಕೊರತೆಯೇ ಇಲ್ಲಿ ಕಾಡುವುದು.

ಆಟೋಪೈಲಟ್ ಕಂಪ್ಯೂಟರಿಗಿಂತ ಹಳೆಯದು. 1914ರ ಜೂನ್‌ನಲ್ಲಿ ಪ್ಯಾರಿಸ್ಸಿನ ಬಳಿ ಲಾರೆನ್ಸ್ ಸ್ಪೆರಿ ಎಂಬ ಅಮೆರಿಕದ ಯುವಕ, ನೆರೆದ ಜನರೆದುರು ತನ್ನ ವಿಮಾನದಲ್ಲಿ ಎರಡೂ ಕೈ ಮೇಲೆತ್ತಿ ಹಾರಿಹೋದ. ಇನ್ನೊಂದು ಸುತ್ತಿನಲ್ಲಿ ಅವನ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದುಹೋದರೂ ವಿಮಾನ ವಾಲಲಿಲ್ಲ. ಒಳಗಿದ್ದ ಗೈರೋಸ್ಕೋಪುಗಳು ವಾಲುವಿಕೆಯನ್ನು ಗ್ರಹಿಸಿ ಸರಿಪಡಿಸುತ್ತಿದ್ದವು. ಇವತ್ತಿನ ಆಟೋಪೈಲಟ್ಟಿನ ಬುಡದಲ್ಲೂ ಇದೇ ತತ್ತ್ವವಿದೆ. ಇರಬೇಕಾದ ಎತ್ತರವೆಷ್ಟು, ಈಗ ಇರುವ ಎತ್ತರವೆಷ್ಟು, ವ್ಯತ್ಯಾಸಕ್ಕೆ ತಕ್ಕಂತೆ ಮೂಗನ್ನು ಎಷ್ಟು ಎತ್ತಬೇಕು ಅಥವಾ ಇಳಿಸಬೇಕು ಎಂಬ ಲೆಕ್ಕವನ್ನು ಅದು ಬಿಡದೆ ಮಾಡುತ್ತಿರುತ್ತದೆ.

ಕಷ್ಟವೆಲ್ಲ ಆ 'ಎಷ್ಟು' ಎಂಬುದರಲ್ಲಿದೆ. ಸೆಕೆಂಡಿಗೆ 50 ಮೀಟರ್ ಹೋಗುವ ಸಣ್ಣ ಸೆಸ್ನಾ ವಿಮಾನ ತನ್ನ ಹಾದಿಯನ್ನು ಒಂದು ಡಿಗ್ರಿ ಮೇಲಕ್ಕೆ ತಿರುಗಿಸಿದರೆ ನಿಮಿಷಕ್ಕೆ ಸುಮಾರು 170 ಅಡಿ ಏರುತ್ತದೆ. ಕಾಂಕಾರ್ಡ್ ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡರಷ್ಟು ವೇಗದಲ್ಲಿ, ಸೆಕೆಂಡಿಗೆ 590 ಮೀಟರಿನಷ್ಟು ಸಾಗುತ್ತಿರುತ್ತದೆ. ಅಲ್ಲಿ ಅದೇ ಒಂದು ಡಿಗ್ರಿಗೆ ನಿಮಿಷಕ್ಕೆ 2,000 ಅಡಿ! ನಿಧಾನದ ವಿಮಾನಕ್ಕೆ ಹೊಂದಿಸಿದ ಆಟೋಪೈಲಟ್ ಇಲ್ಲಿ ಏರಿಕೆ ನಿಲ್ಲಿಸುವ ಮೊದಲೇ ಗುರಿ ದಾಟಿರುತ್ತದೆ. ತಪ್ಪು ತಿದ್ದಲು ಕೆಳಗಿಳಿಸುತ್ತದೆ, ಆಗಲೂ ದಾಟುತ್ತದೆ. ತೂಗಾಟ ಹುಟ್ಟುವುದು ಹೀಗೆ. ಆದ್ದರಿಂದ ಒಳ್ಳೆಯ ಮಾದರಿಗಳಲ್ಲಿ ವೇಗ ಏರಿದಂತೆಲ್ಲ ತಿದ್ದುಪಡಿಯ ಪ್ರಮಾಣ ತಗ್ಗುವಂತೆ ಮಾಡಿರುತ್ತಾರೆ.

ಕಾಂಕಾರ್ಡ್ ರೂಪಿಸಿದ ಬ್ರಿಟನ್ ಮತ್ತು ಫ್ರಾನ್ಸಿನ ಎಂಜಿನಿಯರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮ್ಯಾಕ್ 2ರಲ್ಲಿ ಒಂದೇ ಎತ್ತರಕ್ಕೆ ಕಚ್ಚಿಕೊಂಡಿರಬೇಕೆಂಬ ಹಟವನ್ನೇ ಅವರು ಬಿಟ್ಟರು. ಆಟೋಪೈಲಟ್ ಫಲಕದಲ್ಲಿ 'ಮ್ಯಾಕ್ಸ್ ಕ್ರೂಸ್' ಎಂಬ ಗುಂಡಿಯಿತ್ತು. ಅದನ್ನು ಒತ್ತಿದರೆ ಎಂಜಿನ್‌ಗಳ ಶಕ್ತಿ ಹಾಗೇ ಇರುತ್ತದೆ, ಮೂಗನ್ನು ತುಸು ಎತ್ತಿ ತುಸು ಇಳಿಸಿ ವೇಗವನ್ನಷ್ಟೇ ಕಾಯಲಾಗುತ್ತದೆ. ಇಂಧನ ಉರಿದು ಹಗುರಾದಂತೆಲ್ಲ ವಿಮಾನ ತಾನಾಗಿಯೇ 50,000 ಅಡಿಯಿಂದ 60,000 ಅಡಿಯ ಕಡೆಗೆ ಮೆಲ್ಲಗೆ ಏರುತ್ತಾ ಹೋಗುತ್ತದೆ. ಬೇರೆ ಪ್ರಯಾಣಿಕ ವಿಮಾನಗಳು 40,000 ಅಡಿಯ ಆಸುಪಾಸಿನಲ್ಲೇ ಉಳಿಯುವುದರಿಂದ ಈ ಏರಿಕೆಗೆ ಅಡ್ಡ ಬರುವವರಿರಲಿಲ್ಲ. ಶಾಖದ ಮೇಲೂ ಕಣ್ಣಿಡಬೇಕಿತ್ತು. ಗಾಳಿಯ ಒತ್ತಡಕ್ಕೆ ಮೂಗಿನ ತುದಿ 127 ಡಿಗ್ರಿ ಸೆಲ್ಸಿಯಸ್ ದಾಟುವಂತಿರಲಿಲ್ಲ. ಹೊರಗಿನ ಗಾಳಿ ಬೆಚ್ಚಗಿದ್ದ ದಿನ ವೇಗವನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತಿತ್ತು. ಕ್ಯಾಲ್ಕುಲೇಟರ್ ಕೂಡ ಎಲ್ಲರ ಕೈಗೆ ಬಂದಿರದ ಕಾಲದಲ್ಲಿ ಇಂಥ ವ್ಯವಸ್ಥೆಯನ್ನು ಯೋಚಿಸಿದವರ ಬಗ್ಗೆ ಗೌರವ ಮೂಡದೆ ಇರದು.

ಆಟೋಪೈಲಟ್ ಮುಟ್ಟದ ಕೆಲಸವೂ ಒಂದಿದೆ. ಶಬ್ದದ ವೇಗ ದಾಟುವಾಗ ರೆಕ್ಕೆಯ ಎತ್ತುಬಲ ಬೀಳುವ ಜಾಗ ಹಿಂದಕ್ಕೆ ಸರಿಯುತ್ತದೆ, ಮೂಗು ಕೆಳಗೆ ಬಾಗಲು ನೋಡುತ್ತದೆ. ಅದಕ್ಕೆ ಸರಿಯಾಗಿ ವಿಮಾನದ ಭಾರವನ್ನೂ ಹಿಂದಕ್ಕೆ ಸರಿಸಬೇಕು. ಕಾಂಕಾರ್ಡ್‌ನಲ್ಲಿ ಇದನ್ನು ಮಾಡುತ್ತಿದ್ದದ್ದು ಇಂಧನದಿಂದಲೇ. ಮುಂದಿನ ಟ್ಯಾಂಕುಗಳಿಂದ ಹಿಂದಿನ ಟ್ಯಾಂಕಿಗೆ ಟನ್‌ಗಟ್ಟಲೆ ಇಂಧನ ಪಂಪ್ ಮಾಡಿ ಗುರುತ್ವ ಕೇಂದ್ರವನ್ನು ಸುಮಾರು ಎರಡು ಮೀಟರ್ ಹಿಂದೆ ತರುತ್ತಿದ್ದರು. ವೇಗ ಇಳಿಸುವಾಗ ಎಲ್ಲವನ್ನೂ ವಾಪಸ್ ಮುಂದಕ್ಕೆ. ಇಂಥ ಕೆಲಸಗಳಿಗಾಗಿ ಕಾಕ್‌ಪಿಟ್ಟಿನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಫ್ಲೈಟ್ ಎಂಜಿನಿಯರ್ ಒಬ್ಬರು ಕೂರುತ್ತಿದ್ದರು. ಮನೆಯಲ್ಲಿ ಆ ಮೂರನೆಯ ಕುರ್ಚಿಯೂ ಆಡುವವರದೇ. ಇಂಧನ ಸರಿಸಲು ಮರೆತರೆ ಆಟೋಪೈಲಟ್ ಮೂಗನ್ನು ಸಮ ಹಿಡಿಯುವ ಟ್ರಿಮ್ ತಿರುಗಿಸಿ ತಿರುಗಿಸಿ, ಕೊನೆಗೆ ತನ್ನ ಮಿತಿ ಮುಟ್ಟಿ ಕೈಚೆಲ್ಲುತ್ತದೆ. ಕೆಲವು ಮಾದರಿಗಳು ಈ ಕೆಲಸಕ್ಕೆ ವರ್ಚುವಲ್ ಎಂಜಿನಿಯರನ್ನು ಒದಗಿಸುತ್ತವೆ. ಆದರೂ ಒಂದೆರಡು ಬಾರಿ ತಾವೇ ಮಾಡಿ ನೋಡುವುದು ಒಳ್ಳೆಯದು, ಈ ವಿಮಾನದ ಸ್ವಭಾವ ಅರ್ಥವಾಗುವುದೇ ಅಲ್ಲಿ.

ತಿರುವುಗಳದ್ದು ಮತ್ತೊಂದು ಲೆಕ್ಕ. ಮ್ಯಾಕ್ 2ರಲ್ಲಿ ರೆಕ್ಕೆಯನ್ನು 25 ಡಿಗ್ರಿ ವಾಲಿಸಿ ತಿರುಗಿದರೆ ವೃತ್ತದ ತ್ರಿಜ್ಯವೇ 76 ಕಿ.ಮೀ. ಆಗುತ್ತದೆ. ಪೂರ್ತಿ ಹಿಂದಕ್ಕೆ ತಿರುಗುವಷ್ಟರಲ್ಲಿ ವಿಮಾನ ಬೆಂಗಳೂರು–ಮೈಸೂರಿನ ನಡುವಿನ ದೂರಕ್ಕಿಂತ ಹೆಚ್ಚು ಅಡ್ಡಕ್ಕೆ ಸರಿದಿರುತ್ತದೆ. ಅದಕ್ಕೆ ಹಿಡಿಯುವ ಸಮಯ ಏಳು ನಿಮಿಷದ ಹತ್ತಿರ. ಹಾಗಾಗಿ ಮಾರ್ಗದ ಬಿಂದುಗಳನ್ನು ಒತ್ತೊತ್ತಾಗಿ ಇಟ್ಟರೆ ಆಟೋಪೈಲಟ್ ಒಂದನ್ನು ತಪ್ಪಿಸಿಕೊಂಡು ಮತ್ತೊಂದರ ಬೆನ್ನು ಹತ್ತಿ ಸುತ್ತತೊಡಗುತ್ತದೆ. ಬಿಂದುಗಳು ದೂರ ದೂರ ಇರಬೇಕು, ತಿರುವುಗಳು ಸಣ್ಣವಿರಬೇಕು. ಅಟ್ಲಾಂಟಿಕ್ ಮೇಲೆ ಕಾಂಕಾರ್ಡ್‌ಗೆಂದೇ ಮೀಸಲಾಗಿದ್ದ ಹಾದಿಗಳು ಹಾಗೇ ಇದ್ದವು.

ಲಂಡನ್–ನ್ಯೂಯಾರ್ಕ್ ಪ್ರಯಾಣ ಸುಮಾರು ಮೂರೂವರೆ ಗಂಟೆಯದು. ಅಷ್ಟು ಹೊತ್ತು ಕೂರಲಾಗದೆ ಹಲವರು ಸಿಮ್ಯುಲೇಟರಿನ ಗಡಿಯಾರವನ್ನು ನಾಲ್ಕು ಪಟ್ಟು, ಎಂಟು ಪಟ್ಟು ಓಡಿಸುತ್ತಾರೆ. ಇಲ್ಲಿ ಎಚ್ಚರ ಬೇಕು. ಕಂಪ್ಯೂಟರ್ ಒಂದು ಲೆಕ್ಕದಿಂದ ಇನ್ನೊಂದು ಲೆಕ್ಕಕ್ಕೆ ಹೋಗುವಷ್ಟರಲ್ಲಿ ವಿಮಾನ ಹಲವು ಪಟ್ಟು ಮುಂದೆ ಹೋಗಿರುವುದರಿಂದ ಆಟೋಪೈಲಟ್ಟಿನ ತಿದ್ದುಪಡಿ ತಡವಾಗಿ ಬೀಳುತ್ತದೆ, ಹಳೆಯ ತೂಗಾಟ ಮರಳುತ್ತದೆ. ಸಮುದ್ರದ ಮೇಲೆ ನೇರ ದಾರಿ ಇರುವಾಗ ಮಾತ್ರ ಗಡಿಯಾರ ಓಡಿಸಿ, ತಿರುವಿಗೆ ಮುನ್ನ ಸಹಜ ವೇಗಕ್ಕೆ ತರುವುದು ಕ್ಷೇಮ.

ಇಳಿಯುವ ಯೋಚನೆಯನ್ನು ನೂರಾರು ಕಿಲೋಮೀಟರ್ ಮೊದಲೇ ಮಾಡಬೇಕು. ನಿಮಿಷಕ್ಕೆ 35 ಕಿ.ಮೀ. ಕ್ರಮಿಸುವಾಗ ಐದು ನಿಮಿಷದ ಮೈಮರೆವಿಗೆ 175 ಕಿ.ಮೀ. ದಂಡ. ಶಬ್ದದ ವೇಗ ಮೀರಿ ಹಾರುವಾಗ ಏಳುವ ಸಿಡಿಲಿನಂಥ ಸದ್ದು ಊರುಗಳ ಮೇಲೆ ಎರಗಬಾರದೆಂದು ಕಾಂಕಾರ್ಡ್ ಕರಾವಳಿ ಮುಟ್ಟುವ ಮುನ್ನವೇ ಶಬ್ದದ ವೇಗಕ್ಕಿಂತ ಕೆಳಗಿಳಿಯಬೇಕಿತ್ತು. ಯಾವಾಗ ಥ್ರಾಟಲ್ ಹಿಂದೆಳೆಯಬೇಕೆಂದು ಗೊತ್ತುಮಾಡುವ ಹೊಣೆ ಪೈಲಟ್‌ಗಳದ್ದಾಗಿತ್ತು.

ಕೊನೆಯ ಹಂತದಲ್ಲಿ, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸಿ ವೇಗ ಕಾಯುವ ಆಟೋಥ್ರಾಟಲ್ ಬಿಡಬಾರದು. ತ್ರಿಕೋನದ ರೆಕ್ಕೆಯ ಈ ವಿಮಾನಕ್ಕೆ ನಿಧಾನ ವೇಗದಲ್ಲಿ ಎತ್ತುಬಲ ಹೆಚ್ಚಿಸುವ ಫ್ಲ್ಯಾಪ್‌ಗಳಿಲ್ಲ. ಅದು ಮೂಗೆತ್ತಿಕೊಂಡು, ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ. ರನ್‌ವೇ ಕಾಣಲೆಂದು ಮೂಗಿನ ತುದಿಯನ್ನು 12.5 ಡಿಗ್ರಿ ಕೆಳಗೆ ಬಾಗಿಸಿರುತ್ತಾರೆ. ಆ ಸ್ಥಿತಿಯಲ್ಲಿ ವೇಗ ಕಡಿಮೆಯಾದಷ್ಟೂ ಗಾಳಿಯ ಎಳೆತ ಹೆಚ್ಚುತ್ತದೆ, ಹೆಚ್ಚು ಶಕ್ತಿ ಬೇಕಾಗುತ್ತದೆ. ಥ್ರಾಟಲ್ಲನ್ನು ಕೈಯಲ್ಲೇ ಹಿಡಿದ ಹೊಸಬರು ಒಮ್ಮೆ ಹಿಂದೆ ಬಿದ್ದರೆ ಹಿಂದೆಯೇ ಬೀಳುತ್ತಾ ಹೋಗುತ್ತಾರೆ. ಆದ್ದರಿಂದ ಮೊದಮೊದಲು ದಿಕ್ಕು, ಇಳಿಜಾರು ಎರಡನ್ನೂ ಜಾಯ್‌ಸ್ಟಿಕ್‌ನಲ್ಲಿ ನೋಡಿಕೊಂಡು ವೇಗವನ್ನು ಆಟೋಥ್ರಾಟಲ್‌ಗೆ ಬಿಡುವುದು ಸರಿ. ಮಂಜಿನಲ್ಲಿ ತಾನೇ ಇಳಿಯುವ ಸಾಮರ್ಥ್ಯ ನಿಜವಾದ ಕಾಂಕಾರ್ಡ್‌ಗಿತ್ತು. ಮನೆಯ ಸಿಮ್ಯುಲೇಟರಿನಲ್ಲಿ ಅದನ್ನು ಪ್ರಯತ್ನಿಸುವ ಮೊದಲು ರನ್‌ವೇಯ ಇಳಿಯುವ ದಾರಿ ತೋರುವ ಐಎಲ್‌ಎಸ್ ಸಂಕೇತದ ಆವರ್ತನವನ್ನು ರೇಡಿಯೋದಲ್ಲಿ ಹಾಕಿರಬೇಕು, ಹಿಂದಿನ ಟ್ಯಾಂಕಿನ ಇಂಧನ ಅಷ್ಟರಲ್ಲಿ ಮುಂದಕ್ಕೆ ಬಂದಿರಬೇಕು.